ದುರ್ಬೀನಿಗೊಂದಿಷ್ಟು ಹೊಗೆ

ನಮ್ಮಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ರಾಕ್ಷಸನೊಳಗೆ ಇರುವುದಿಲ್ಲ. ಏಳು ಕಡಲಿನಾಚೆ ಒಂದು ಮರ, ಮರದಲ್ಲೊಂದು ಪಂಜರ, ಪಂಜರದಲ್ಲೊಂದು ಗಿಣಿ. ಪ್ರಾಣ ಆ ಗಿಣಿಯಲ್ಲಿ. ಪಾಪ, ರಾಕ್ಷಸನಿಗೆ ಎಷ್ಟು ಅನಾನುಕೂಲ ಎಂದು ಚಿಕ್ಕಂದಿನಲ್ಲಿ ನಾನು ಮರುಗುತ್ತಿದ್ದೆ. ನಮ್ಮ ಮನೆಯ ಮಾನಪ್ರಾಣಗಳು ಅಷ್ಟು ದೂರವೇನೂ ಇರಲಿಲ್ಲ. ಮಾಡಿನ ಮೇಲೆಯೇ, ಹೊಗೆಗೂಡಿನ ಬಾಯಲ್ಲೇ ಇದ್ದವು. ಅವನ್ನು ಕಾಯುವ ಗಿಡುಗ ಮಾತ್ರ ಹೊಳೆಯಾಚೆ ಗುಡ್ಡದ ಮೇಲೆ ಕೂತಿತ್ತು. ಆ ಗಿಡುಗವೇ ನಮ್ಮ ದೊಡ್ಡತ್ತೆ, ಅಪ್ಪನ ಅಕ್ಕ.

ದೊಡ್ಡತ್ತೆಯ ಮಹಡಿಯಿಂದ ನಮ್ಮ ಮನೆ ಬರಿಗಣ್ಣಿಗೆ ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಅಷ್ಟೇ ಕಾಣುತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಪ್ಪನದು ಕನ್ನಡಕದ ಅಂಗಡಿ. ಯಾವ ಕೆಟ್ಟ ಗಳಿಗೆಯಲ್ಲೋ ಅಕ್ಕನ ಹುಟ್ಟುಹಬ್ಬಕ್ಕೆ "ಹಕ್ಕಿ ನೋಡಕ್ಕಾ" ಎಂದು ಒಂದು ದುರ್ಬೀನು ಕೊಟ್ಟಿದ್ದ. ದೊಡ್ಡತ್ತೆ ಇವತ್ತಿನವರೆಗೆ ಒಂದು ಗುಬ್ಬಿಯನ್ನೂ ನೋಡಿಲ್ಲ. ದಿನಾ ಬೆಳಗ್ಗೆ ಕಾಫಿ ಲೋಟ ಒಂದು ಕೈಯಲ್ಲಿ, ದುರ್ಬೀನು ಇನ್ನೊಂದರಲ್ಲಿ. ದೃಷ್ಟಿಯೆಲ್ಲ ನಮ್ಮ ಹೊಗೆಗೂಡಿನ ಮೇಲೆ. ಹೊಗೆ ಎದ್ದರೆ ಅಮ್ಮ ಬೆಚ್ಚಗಿದ್ದಾಳೆ ಎಂದು ಅರ್ಥ. ಹೊಗೆ ಏಳುವುದು ಒಂದು ಚೂರು ತಡವಾದರೆ ನಮ್ಮ ಫೋನು ಹೊಡೆದುಕೊಳ್ಳುತ್ತಿತ್ತು.

"ಅಮ್ಮಂಗೇನಾಯ್ತು?"

"ಏನೂ ಆಗಿಲ್ಲಕ್ಕಾ. ಬೆಂಕಿಪೊಟ್ಟಣ ಸಿಗಲಿಲ್ಲ ಅಷ್ಟೇ."

"ಬೆಂಕಿಪೊಟ್ಟಣಾನೇ ಜೋಪಾನ ಮಾಡಕ್ಕಾಗದವನು ಅಮ್ಮನ್ನೇನು ಮಾಡ್ತೀಯೋ!"

ಹೋದ ಚಳಿಗಾಲ ಅಜ್ಜಿ ಕೆಮ್ಮಿದ್ದಳು. ಅಜ್ಜಿ ಕೆಮ್ಮಿದ್ದು ಇಲ್ಲಿ, ಗುಡುಗಿದ್ದು ಗುಡ್ಡದ ಮೇಲೆ. "ಬರೋ ಚಳಿಗಾಲ ಅಮ್ಮ ಒಂದೇ ಒಂದು ದಿನ ನಡುಗಿದ್ದು ಗೊತ್ತಾಗ್ಲಿ, ಎತ್ತಿ ವ್ಯಾನಿಗೆ ಹಾಕ್ಕೊಂಡು ಹೋಗ್ತೀನಿ. ಕೋಣೆ ರೆಡಿ ಇದೆ. ಪರದೆ ಕೂಡ ಹಾಕ್ಸಿದೀನಿ." ದೊಡ್ಡತ್ತೆಯ ಮನೆಯಲ್ಲಿ ಗುಂಡಿ ಒತ್ತಿದರೆ ನೆಲವೇ ಬಿಸಿಯಾಗುತ್ತದೆ. ಬರಿಗಾಲಲ್ಲಿ ನಿಂತರೆ ದೋಸೆಕಲ್ಲಿನ ಮೇಲೆ ನಿಂತ ಹಾಗೆ.

ಅಜ್ಜಿಗೆ ಹೋಗಲು ಮನಸ್ಸಿಲ್ಲ. "ಅವಳು ಒಳ್ಳೆಯವಳೇ ಕಣೇ," ಎಂದು ನನ್ನ ಕಿವಿಯಲ್ಲಿ ಹೇಳಿದಳು, "ಆದ್ರೆ ಕಥೆ ಹೇಳಕ್ಕೆ ಬಿಡಲ್ಲ. ಅಷ್ಟು ವರ್ಷ ಪಂಜರದಲ್ಲಿ ಗಿಣಿ ಏನು ತಿಂತಿತ್ತು ಅಂತ ಕೇಳ್ತಾಳೆ. ನಾನು ಕಥೆ ಹೇಳ್ಲಾ, ಗಿಣಿಗೆ ಕಾಳು ಹಾಕ್ಲಾ?"

ನನಗೂ ಅಜ್ಜಿಯನ್ನು ಕಳಿಸುವ ಮನಸ್ಸಿರಲಿಲ್ಲ. ಈ ವಯಸ್ಸಿಗೂ ಸಂಜೆ ಅವಳ ಕುರ್ಚಿಯ ಪಕ್ಕ ನೆಲದಲ್ಲಿ ಕೂತು ಒಂದು ಕಥೆ ಕೇಳದೆ ಹೋದರೆ ನನಗೆ ಊಟ ಮಾಡಿದ ಹಾಗಾಗುವುದಿಲ್ಲ. ಅಂತೂ ಅಪ್ಪನ ಹೆಗಲ ಮೇಲೆ ಬಿದ್ದ ಹೊಣೆ ಒಂದೇ: ಚಳಿ ಶುರುವಾಗುವ ಮೊದಲು ಮನೆ ಬೆಚ್ಚಗಾಗಬೇಕು.

ನಮ್ಮ ಹಜಾರದ ಗೋಡೆಯ ಅಗ್ಗಿಷ್ಟಿಕೆಯದು ಕರು ಕಟ್ಟುವಷ್ಟು ದೊಡ್ಡ ಬಾಯಿ. ಕಟ್ಟಿಗೆಯನ್ನು ಕುಂಭಕರ್ಣನ ಹಾಗೆ ತಿನ್ನುತ್ತಿತ್ತು. ತಿಂದು ಬಿಸಿಯನ್ನೆಲ್ಲ ನಕ್ಷತ್ರಗಳಿಗೆ ಕಳಿಸಿಕೊಡುತ್ತಿತ್ತು. ಎದುರಿಗೆ ಕೂತವರ ಮೊಣಕಾಲು ಸುಡುತ್ತಿತ್ತು, ಬೆನ್ನು ಸೆಟೆದುಕೊಳ್ಳುತ್ತಿತ್ತು. ಹಾಗಾಗಿ ಬಂದ ನೆಂಟರೆಲ್ಲ ಮಾತಾಡುತ್ತಲೇ ಬುಗುರಿಯ ಹಾಗೆ ತಿರುಗುತ್ತಿದ್ದರು. ಅರ್ಧ ಮಾತು ನಮಗೆ, ಅರ್ಧ ಮಾತು ಗೋಡೆಗೆ.

ಅಪ್ಪ ಒಲೆಯಂಗಡಿಯವನನ್ನು ಕರೆತಂದ. ಅವನು ದೊಡ್ಡ ಮೀಸೆಯ, ಅದಕ್ಕಿಂತ ದೊಡ್ಡ ಮಾತಿನ ಮನುಷ್ಯ. ಅಗ್ಗಿಷ್ಟಿಕೆಯೊಳಗೆ ತಲೆ ತೂರಿಸಿ, ರೋಗಿಯ ಗಂಟಲು ನೋಡುವ ಡಾಕ್ಟರನಂತೆ ಮೇಲಕ್ಕೆ ನೋಡಿ, "ಅಯ್ಯಯ್ಯೋ" ಎಂದ.

"ಸಾರ್, ನಿಮ್ಮ ಕರ್ಚೀಫ್ ಕೊಡಿ."

ಅಪ್ಪ ಕೊಟ್ಟ. ಒಲೆಯವನು ಅದನ್ನು ಅಗ್ಗಿಷ್ಟಿಕೆಯ ಬಾಯಿಗೆ ಹಿಡಿದು ಕೈಬಿಟ್ಟ. ಕರ್ಚೀಫು ಒಂದು ಕ್ಷಣ ಗಾಳಿಯಲ್ಲಿ ನಿಂತು, ಯಾರೋ ಕರೆದಂತೆ ಮೇಲೆ ಹಾರಿ ಮಾಯವಾಯಿತು.

"ನೋಡಿದ್ರಾ? ನಿಮ್ಮ ಮನೆ ಬಿಸಿ ಹೀಗೇ ಹೋಗ್ತಿದೆ."

"ಅದು ನನ್ನ ಕರ್ಚೀಫು!"

"ಬಿಸಿ ಹೋಗುವಾಗ್ಲೂ ಹೀಗೇ ಕೂಗಿದ್ರೆ ಇಷ್ಟು ವರ್ಷ ಚಳೀಲಿ ಕೂರ್ತಿರಲಿಲ್ಲ ಸಾರ್ ನೀವು."

ಮದ್ದು ಇತ್ತು. ಹಳೆಯ ಬಾಯೊಳಗೆ ಗಾಜಿನ ಬಾಗಿಲಿನ ಒಂದು ಕಬ್ಬಿಣದ ಒಲೆ ಕೂರಿಸುವುದು. ಹೊಗೆಗೂಡಿನ ಉದ್ದಕ್ಕೂ ಉಕ್ಕಿನ ಕೊಳವೆ ಇಳಿಬಿಡುವುದು. ಸುತ್ತಲಿನ ಸಂದಿಯನ್ನೆಲ್ಲ ತಗಡು ಹಾಕಿ ಮುಚ್ಚುವುದು. ಗಾಳಿ ಎಷ್ಟು ಬೇಕೋ ಅಷ್ಟೇ ಬಿಡಲು ಕೆಳಗೊಂದು ಹಿಡಿಕೆ. ಹಾಕುವ ಕಟ್ಟಿಗೆ ಮಾತ್ರ ಒಣಗಿರಬೇಕು. ಎರಡು ಸೌದೆ ಬಡಿದರೆ ಟಣ್ ಎನ್ನಬೇಕು, ಥಪ್ ಎನ್ನಬಾರದು.

"ಹೊಗೆ ಅಂದ್ರೇನು ಸಾರ್? ಸುಡದೆ ತಪ್ಪಿಸ್ಕೊಂಡು ಓಡಿಹೋಗ್ತಿರೋ ಕಟ್ಟಿಗೆ! ನನ್ನ ಒಲೆ ಆ ಕಳ್ಳನ್ನ ಬಾಗಿಲಲ್ಲೇ ಹಿಡಿದು ಇನ್ನೊಂದು ಸಲ ಸುಡುತ್ತೆ. ಹೊರಗೆ ನಿಂತು ನೋಡಿ, ಹೊಗೆ ಕಂಡ್ರೆ ಈ ಮೀಸೆ ಬೋಳಿಸ್ತೀನಿ. ಆಮೇಲೆ ಹೊಗೆ ಇನ್‌ಸ್ಪೆಕ್ಟರ್ ಬರ್ತಾರೆ. ಹೊಸ ಒಲೆ ಹಾಕಿದವರ ಮನೆಗೆಲ್ಲ ಬರ್ತಾರೆ. ಹೊಗೆ ಇಲ್ಲ ಅಂದ್ರೆ ಹಸಿರು ಚೀಟಿ ಅಂಟಿಸ್ತಾರೆ. ಇದೆ ಅಂದ್ರೆ ಕೆಂಪು ಪಟ್ಟಿ ಸುತ್ತಿ ಒಲೆ ಮುಚ್ಚಿಸ್ತಾರೆ. ನಿಮಗೆ ಆ ಚಿಂತೆ ಇಲ್ಲ ಬಿಡಿ."

ಒಲೆ ಕೂತಿತು. ಅಪ್ಪ ಬೆಂಕಿ ಹಚ್ಚಿದ. ಗಾಜಿನ ಹಿಂದೆ ಜ್ವಾಲೆ ಅವಸರವಿಲ್ಲದೆ, ಮೈಮುರಿಯುವ ಬೆಕ್ಕಿನ ಹಾಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಹಜಾರ ಬೆಚ್ಚಗಾಯಿತು, ಆಮೇಲೆ ಅಡುಗೆಮನೆ, ಆಮೇಲೆ ಮೆಟ್ಟಿಲು. ಅಜ್ಜಿ ಒಂದೊಂದಾಗಿ ಶಾಲು ತೆಗೆದಳು, ಕಾಲುಚೀಲ ತೆಗೆದಳು, ತನ್ನ ಕಾಲ್ಬೆರಳುಗಳನ್ನು ಬಹಳ ಕಾಲ ಊರಲ್ಲಿಲ್ಲದ ನೆಂಟರನ್ನು ನೋಡುವಂತೆ ನೋಡಿದಳು. "ಎಲ್ಲಾ ಇದಾವೆ," ಎಂದಳು ಸಮಾಧಾನದಿಂದ.

ಅಪ್ಪ ಅಂಗಳಕ್ಕೆ ಓಡಿ ಮೇಲೆ ನೋಡಿದ. ಹೊಗೆಗೂಡಿನ ಬಾಯಲ್ಲಿ ಬರೀ ನೀಲಿ ಆಕಾಶ. ಒಳಗೆ ಬಂದು ಘೋಷಿಸಿದ: "ಅಕ್ಕಂಗೆ ಯಾರೂ ಹೇಳಕೂಡದು! ಭಾನುವಾರ ಊಟಕ್ಕೆ ಕರೀತೀನಿ. ಬಂದು ಈ ಕುರ್ಚಿ ಮೇಲೆ ಕೂತು ಬೆವರಬೇಕು. ಬೆವರಿ, 'ತಮ್ಮಾ, ನೀನು ಗೆದ್ದೆ' ಅನ್ನಬೇಕು."

"ನಿಮ್ಮಕ್ಕ ಹುಟ್ಟಿದಾಗಿಂದ ಯಾರಿಗೂ ಗೆದ್ದೆ ಅಂದಿಲ್ಲ," ಎಂದಳು ಅಮ್ಮ.

ಎಡವಟ್ಟಿನ ಬೀಜ ಬಿದ್ದದ್ದು ಇಲ್ಲೇ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಎಲ್ಲರಿಗೂ ಗೊತ್ತು. ಅದನ್ನು ತಿರುಗಿಸಿ ಹಾಕಿದರೂ ಅಷ್ಟೇ ನಿಜವೆಂದು ನಮ್ಮ ಬೀದಿ ನಂಬಿತ್ತು. ಹೊಗೆಯಿಲ್ಲ ಎಂದರೆ ಬೆಂಕಿಯಿಲ್ಲ.

ಮೊದಲು ಗಮನಿಸಿದ್ದು ಎದುರು ಮನೆಯ ದರ್ಜಿಯಮ್ಮ. ಅವಳ ಹೊಲಿಗೆ ಯಂತ್ರ ಕಿಟಕಿಗೆ ಮುಖಮಾಡಿದೆ. ಸೂಜಿಗೆ ದಾರ ಪೋಣಿಸುವಾಗ ಬಿಟ್ಟು ಮಿಕ್ಕೆಲ್ಲ ಹೊತ್ತೂ ಅವಳ ಕಣ್ಣು ಬೀದಿಯ ಮೇಲೆ. ಒಂದು ದಿನ ನೋಡಿದಳು, ಹೊಗೆಯಿಲ್ಲ. ಮರುದಿನ ನೋಡಿದಳು, ಇಲ್ಲ. ಮೂರನೆಯ ದಿನ ಒಂದು ಪಾತ್ರೆ ಸೂಪು ಮುಚ್ಚಿಕೊಂಡು ಬಂದು ಬಾಗಿಲು ತಟ್ಟಿದಳು.

ಹೊಸ ಒಲೆ ಬಂದ ಮೇಲೆ ಅಪ್ಪನಿಗೆ ಬಾಗಿಲಿನ ವ್ಯಾಧಿ ಹತ್ತಿತ್ತು. ಯಾರು ಬಾಗಿಲು ತೆಗೆದರೂ "ಹಾಕು, ಹಾಕು, ಬಿಸಿ ಹೋಗುತ್ತೆ!" ಎಂದು ಕೂಗುತ್ತಿದ್ದ. ಬೆಕ್ಕು ಕೂಡ ಹೊರಗೆ ಹೋಗಬೇಕಾದರೆ ಎರಡು ಸಲ ಯೋಚಿಸುತ್ತಿತ್ತು. ಹಾಗಾಗಿ ಅಪ್ಪ ಬಾಗಿಲನ್ನು ಮೂಗಿನಷ್ಟೇ ತೆಗೆದ. ಒಳಗಿನ ಸೆಕೆಗೆ ಅವನ ಮೈಮೇಲೆ ತೆಳು ಬನಿಯನ್ನು ಬಿಟ್ಟು ಬೇರೇನೂ ಇರಲಿಲ್ಲ, ಮುಖ ಕೆಂಪಗೆ ಕಾದಿತ್ತು, ಹಣೆಯಲ್ಲಿ ಬೆವರು.

"ಚೆನ್ನಾಗಿದೀರಾ ಅಣ್ಣಾ?" ಎಂದಳು ದರ್ಜಿಯಮ್ಮ, ಆ ಸಂದಿಗೆ ಕಣ್ಣಿಟ್ಟು.

"ಬಹಳ ಚೆನ್ನಾಗಿದೀವಿ. ಬೇಗ ಹೇಳಿ."

"ಅಜ್ಜಿ?"

"ಒಳಗಿದಾರೆ. ಏನೂ ತೊಂದ್ರೆ ಇಲ್ಲ. ಕಟ್ಟಿಗೆ ಕಮ್ಮಿ ಮಾಡಿಬಿಟ್ಟಿದೀವಿ, ದಿನಕ್ಕೊಂದು ತೋಳು ಸೌದೆ ಸಾಕು. ಕ್ಷಮಿಸಿ, ಬಾಗಿಲು ಹಾಕ್ಬೇಕು."

ಸೂಪಿನ ಪಾತ್ರೆ ಒಳಗೆ ಬಂತು, ಬಾಗಿಲು ಮುಚ್ಚಿತು. ದರ್ಜಿಯಮ್ಮ ಅಂಗಳದಲ್ಲಿ ಒಂದು ಕ್ಷಣ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದೆ. ಈರುಳ್ಳಿ ಹೆಚ್ಚಿ ಬಂದಿರಬೇಕು ಎಂದುಕೊಂಡೆ. ನಾನು ಹಾಗೆಯೇ, ಕಣ್ಣೆದುರು ಕಂಡದ್ದಕ್ಕೆ ನನಗೆ ಯಾವಾಗಲೂ ಬೇರೆಯೇ ಕಾರಣ ಹೊಳೆಯುತ್ತದೆ.

ಸಂಜೆಯ ಹೊತ್ತಿಗೆ ಸುದ್ದಿ ಬೇಕರಿ ತಲುಪಿತು. ಅಮ್ಮ ಬ್ರೆಡ್ಡು ತರಲು ಹೋದರೆ ಅಲ್ಲಿದ್ದವರೆಲ್ಲ ತಟಕ್ಕನೆ ಮಾತು ನಿಲ್ಲಿಸಿದರಂತೆ. ಬೇಕರಿಯವನು ಒಂದು ಬ್ರೆಡ್ಡು ಕೇಳಿದ್ದಕ್ಕೆ ಎರಡು ಕಟ್ಟಿ, ಧ್ವನಿ ಇಳಿಸಿ, "ತಾಯಿ, ಒಲೆ ಪಕ್ಕದ ಗೋಡೆ ನಮ್ಮಂಗಡೀಲಿ ಬೆಚ್ಚಗಿರುತ್ತೆ. ಅಜ್ಜೀನ ಬೆಳಗ್ಗೆ ಹೊತ್ತು ಕರ್ಕೊಂಡು ಬಂದು ಒರಗಿಸಿ. ಸಂಕೋಚ ಬೇಡ," ಎಂದನಂತೆ.

"ಅಜ್ಜಿ ಏನು, ಛತ್ರೀನಾ ಒರಗಿಸಕ್ಕೆ?" ಎಂದು ಅಮ್ಮ ಮನೆಗೆ ಬಂದು ಸಿಡಿದಳು. "ಅವರೆಲ್ಲ ಏನೋ ತಿಳ್ಕೊಂಡಿದಾರೆ ಕಣ್ರೀ. ದರ್ಜಿಯಮ್ಮ ಏನಂತ ಹೇಳಿದಾಳೆ ಗೊತ್ತಾ? ನಿಮಗೆ ಜ್ವರವಂತೆ. ಕೋಟೂ ಮಾರ್ಕೊಂಡು ಬನಿಯನ್ನಲ್ಲಿದೀರಂತೆ!"

ಮರುದಿನ ಗೇಟಿನ ಬಳಿ ಕಟ್ಟಿಗೆಯ ರಾಶಿ ಬಿದ್ದಿತ್ತು. ಬೀದಿಯವರೆಲ್ಲ ಒಂದೊಂದು ಕೊರಡು ತಂದು ಸದ್ದಿಲ್ಲದೆ ಇಟ್ಟುಹೋಗಿದ್ದರು. ಅಪ್ಪ ಎರಡನ್ನು ಎತ್ತಿ ಬಡಿದು ನೋಡಿದ. ಥಪ್. ಈಗತಾನೆ ಕಡಿದ ಹಸಿ ಮರ. ಒಂದರಲ್ಲಿ ಚಿಗುರು ಕೂಡ ಇತ್ತು.

"ಜನ ಒಳ್ಳೆಯವರು," ಎಂದ ಅಪ್ಪ, "ಆದ್ರೆ ಕಟ್ಟಿಗೆ ವಿಷಯದಲ್ಲಿ ಅಜ್ಞಾನಿಗಳು."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದೊಡ್ಡತ್ತೆಯ ಧ್ವನಿ ಹಜಾರದಲ್ಲಿದ್ದ ನಮಗೆಲ್ಲ ಕೇಳುತ್ತಿತ್ತು. ಅವಳಿಗೆ ಫೋನು ಬರೀ ಮರ್ಯಾದೆಗೆ. ಗುಡ್ಡದಿಂದ ನೇರವಾಗಿಯೇ ಮಾತಾಡಬಹುದಿತ್ತು.

"ಮೂರು ದಿನದಿಂದ ನಾನೂ ಸುಮ್ನಿದೀನಿ! ದುರ್ಬೀನು ಕೆಟ್ಟಿದೆ ಅಂದ್ಕೊಂಡು ಒರೆಸಿ ಒರೆಸಿ ನೋಡಿದೆ. ಇವತ್ತು ನಿಮ್ಮ ದರ್ಜಿಯಮ್ಮನಿಗೆ ಫೋನ್ ಮಾಡಿದೆ. ಎಲ್ಲಾ ಹೇಳಿದ್ಲು. ನಾಚ್ಕೆ ಆಗಲ್ವೇನೋ? ಕಟ್ಟಿಗೆ ಉಳಿಸಕ್ಕೆ ಹೆತ್ತಮ್ಮನ್ನ ಚಳೀಲಿ ಕೂರಿಸಿದೀಯಾ?"

ಭಾನುವಾರದ ಗುಟ್ಟು ಗಾಳಿಗೆ ಹೋಯಿತು. "ಅಕ್ಕಾ, ಬೆಂಕಿ ಉರೀತಿದೆ! ಹೊಸ ಒಲೆ. ಹೊಗೇನೇ ಬರಲ್ಲ ಅದರಲ್ಲಿ!"

ಆ ಕಡೆಯಿಂದ ತಣ್ಣಗಿನ ಧ್ವನಿ: "ಹೊಗೆ ಇಲ್ದೇ ಇರೋ ಬೆಂಕಿ."

"ಹೂಂ ಅಕ್ಕಾ!"

"ಚಿಕ್ಕವನಿದ್ದಾಗ ಅಮ್ಮನ ಕಥೆ ಕೇಳಿ ಕೇಳಿ ಹಾಳಾದೆ ನೀನು. ನಾಳೆ ಬೆಳಗ್ಗೆ ದುರ್ಬೀನು ಹಿಡಿದು ನೋಡ್ತೀನಿ. ಹೊಗೆ ಇದ್ರೆ ಸರಿ. ಇಲ್ದಿದ್ರೆ ವ್ಯಾನು, ಹಾಸಿಗೆ ಸಮೇತ ಬರ್ತೀನಿ. ಅಮ್ಮನ ಪೆಟ್ಟಿಗೆ ಕಟ್ಟಿಡು."

"ಒಂದ್ಸಲ ಬಂದು ಒಳಗೆ ಕೂತು ನೋಡಕ್ಕಾ..."

"ನೋಡಕ್ಕೆ ಅಲ್ಲಿಗ್ಯಾಕೆ ಬರ್ಬೇಕು? ದುರ್ಬೀನು ಕೊಟ್ಟಿದ್ಯಲ್ಲ!"

ಫೋನು ಇಟ್ಟ ಸದ್ದು. ಅಜ್ಜಿ ತನ್ನ ಬರಿಗಾಲುಗಳನ್ನು ನೋಡಿಕೊಂಡು ಮೆಲ್ಲಗೆ ಕಾಲುಚೀಲ ಹುಡುಕತೊಡಗಿದಳು. ಅಪ್ಪ ಹಜಾರದಲ್ಲಿ ಆಚೀಚೆ ಓಡಾಡಿದ, ಒಲೆಯ ಮುಂದೆ ನಿಂತ, ಕಿಟಕಿಯಾಚೆ ಹಸಿ ಕೊರಡುಗಳ ರಾಶಿ ನೋಡಿದ. ಅವನ ಮುಖದಲ್ಲಿ ಒಂದು ಬೆಳಕು ಮೂಡಿತು. ಅಪ್ಪನ ಮುಖದಲ್ಲಿ ಬೆಳಕು ಮೂಡಿದರೆ ನಾವೆಲ್ಲ ಗಾಬರಿಯಾಗುತ್ತೇವೆ.

"ಹೊಗೆ ತಾನೇ ಬೇಕು? ಕೊಟ್ರಾಯ್ತು! ಬೆಳಗ್ಗೆ ಒಂದೇ ಒಂದು ಗಳಿಗೆ. ಅಕ್ಕ ನೋಡಿ ಕಾಫಿ ಕುಡಿದು ಒಳಗೆ ಹೋಗೋವರೆಗೆ."

"ನಾಳೆ ಹೊಗೆ ಇನ್‌ಸ್ಪೆಕ್ಟರ್ ಬರ್ತಾರಲ್ರೀ!" ಅಮ್ಮ ನೆನಪಿಸಿದಳು.

"ಅವರು ಬರೋದು ಮಧ್ಯಾಹ್ನ. ಬೆಳಗ್ಗೆ ಅಕ್ಕಂಗೆ ಹೊಗೆ, ಮಧ್ಯಾಹ್ನ ಅವರಿಗೆ ನೀಲಿ ಆಕಾಶ. ಯಾರಿಗೇನು ಬೇಕೋ ಅದು ಕೊಡೋನೇ ಜಾಣ. ಅಂಗಡೀಲಿ ನಾನು ಮಾಡೋದೂ ಇದೇ ಅಲ್ವಾ? ದೂರದೃಷ್ಟಿಯವರಿಗೆ ಒಂದು ಗಾಜು, ಹತ್ತಿರದವರಿಗೆ ಇನ್ನೊಂದು."

ಬೆಳಗಾಯಿತು. ಅಪ್ಪ ಅತ್ಯಂತ ಹಸಿಯಾದ ಕೊರಡುಗಳನ್ನು, ಚಿಗುರಿದ್ದುದನ್ನೂ ಸೇರಿಸಿ, ಒಲೆಗೆ ತುರುಕಿದ. ಮೇಲೊಂದಿಷ್ಟು ಒದ್ದೆ ಎಲೆ. ಗಾಳಿಯ ಹಿಡಿಕೆ ಪೂರ್ತಿ ಮುಚ್ಚಿದ. ಆ ಸಭ್ಯ ಒಲೆಗೆ ಇಂಥ ಊಟ ಗೊತ್ತೇ ಇರಲಿಲ್ಲ. ಮೊದಲು ಬಿಕ್ಕಳಿಸಿತು. ಆಮೇಲೆ ಗಾಜು ಕಂದಾಯಿತು, ಕಪ್ಪಾಯಿತು. ನಾನು ಅಂಗಳಕ್ಕೆ ಓಡಿ ನೋಡಿದೆ. ಹೊಗೆಗೂಡಿನಿಂದ ಮೊದಲು ಒಂದು ಬಿಳಿ ಬಾಲ ಬಂತು, ಹಿಂದೆಯೇ ಇಡೀ ಆನೆ. ಅದರ ಹಿಂದೆ ಇನ್ನಷ್ಟು ಆನೆಗಳು, ಒಂದರ ಮೇಲೊಂದು, ಬೀದಿಯ ಮೇಲೆ ದಿಬ್ಬಣ ಹೊರಟವು.

ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು. ಕಿಟಕಿ ತೆರೆಯಿತು.

"ಹೊಗೆ ಬಂತು!" ದರ್ಜಿಯಮ್ಮ ಕೂಗಿದಳು. "ಎಲ್ಲಾ ಬನ್ರೇ, ಹೊಗೆ ಬಂತು!"

ಬಾಗಿಲುಗಳು ತೆರೆದವು. ಕೊರಡು ಕೊಟ್ಟವರೆಲ್ಲ ಹೊರಬಂದು ಆಕಾಶ ನೋಡಿದರು. "ಅದು ನಂದು, ಆ ಕರೀದು ನನ್ನ ಕೊರಡಿಂದು," ಎಂದು ಒಬ್ಬರು, "ಹೋಗ್ರೀ, ನಿಮ್ದು ಇಷ್ಟುದ್ದ ಇತ್ತು, ಅದರಲ್ಲೆಲ್ಲಿ ಅಷ್ಟು ಹೊಗೆ!" ಎಂದು ಇನ್ನೊಬ್ಬರು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದ. ಅಲ್ಲಿಯೂ ಸಣ್ಣದೊಂದು ಹೊಗೆ ಎದ್ದಿತು.

ಈ ಸಂಭ್ರಮದ ನಡುವೆ ಸೈಕಲ್ಲೊಂದು ಬಂದು ನಿಂತಿತು. ಸಣಕಲು ಮನುಷ್ಯ, ಹೆಗಲಿಗೊಂದು ಪೆಟ್ಟಿಗೆ, ಕೊರಳಿಗೊಂದು ಬಿಲ್ಲೆ. ಮಧ್ಯಾಹ್ನ ಬೇರೆ ಕಡೆ ಕೆಲಸ ಬಿದ್ದು ನಮ್ಮ ಬೀದಿಗೆ ಬೆಳಗ್ಗೆಯೇ ಬಂದಿದ್ದ ಹೊಗೆ ಇನ್‌ಸ್ಪೆಕ್ಟರು. ಅವರು ಕನ್ನಡಕ ಮೇಲೆತ್ತಿ ನಮ್ಮ ಮಾಡನ್ನು ನೋಡಿದರು. ಆ ಕನ್ನಡಕವೂ ಅಪ್ಪನ ಅಂಗಡಿಯದೇ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿರಬೇಕು.

"ಏನಮ್ಮಾ ಇದು?" ಎಂದು ದರ್ಜಿಯಮ್ಮನನ್ನು ಕೇಳಿದರು.

ಪರಿಹಾರ ಕೊಡಲು ಬಂದ ಅಧಿಕಾರಿ ಎಂದುಕೊಂಡ ದರ್ಜಿಯಮ್ಮ ಕೈಮುಗಿದಳು. "ನೀವೇನೂ ಚಿಂತೆ ಮಾಡ್ಬೇಡಿ ಸಾಹೇಬ್ರೇ. ಪಾಪ, ಮೂರು ದಿನ ಒಂದು ಎಳೆ ಹೊಗೆ ಇರಲಿಲ್ಲ. ನಾವೇ ಬೀದಿಯವರೆಲ್ಲ ಸೇರಿ ಬರಿಸಿದೀವಿ!"

"ನೀವೆಲ್ಲ ಸೇರಿ?"

"ಇಡೀ ಬೀದಿ! ಇನ್ನೂ ಬೇಕಂದ್ರೆ ಇನ್ನೂ ಕೊಡ್ತೀವಿ. ಚಳಿಗಾಲ ಪೂರ್ತಿ ಹೊಗೆ ನಿಲ್ಲಕ್ಕೆ ಬಿಡಲ್ಲ!"

ಇನ್‌ಸ್ಪೆಕ್ಟರು ಪೆಟ್ಟಿಗೆ ತೆರೆದು ಕೆಂಪು ಪಟ್ಟಿಯ ಸುರುಳಿ ಹೊರತೆಗೆದರು. ನಾನು ಒಳಗೆ ಓಡಿದೆ. ನನ್ನ ಹಿಂದೆ ಅವರು, ಅವರ ಹಿಂದೆ ಕೃತಜ್ಞತೆ ಸ್ವೀಕರಿಸಲು ದರ್ಜಿಯಮ್ಮ.

"ಹಾಕಿ, ಬಾಗಿಲು ಹಾಕಿ, ಬಿಸಿ..." ಎಂದು ಶುರುಮಾಡಿದ ಅಪ್ಪ ಬಿಲ್ಲೆ ಕಂಡು ಬಾಯಿ ಹಾಗೆಯೇ ಬಿಟ್ಟ. ಅವನ ಕೈಯಲ್ಲಿ ಇನ್ನೊಂದು ಒದ್ದೆ ಕೊರಡಿತ್ತು. ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಇದು ಹೊಗೆಯಿಲ್ಲದ ಒಲೆಯೋ?" ಎಂದರು ಇನ್‌ಸ್ಪೆಕ್ಟರು.

"ಸ್ವಾಮಿ, ಇದು ಹೊಗೆಯಿಲ್ಲದ್ದೇ. ನಾನು ಬೇಕಂತಲೇ ಹೊಗೆ ಹಾಕ್ದೆ."

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟು ವರ್ಷದ ಸರ್ವೀಸಿನಲ್ಲಿ, ಹೊಗೆ ಇಟ್ಕೊಂಡು ಇಲ್ಲ ಅಂತ ಆಣೆ ಮಾಡಿದವರನ್ನ ನೋಡಿದೀನಿ. ಮೋಡ ಅಂದವರನ್ನ ನೋಡಿದೀನಿ. ಪಕ್ಕದ ಮನೇದು ಅಂದವರನ್ನೂ ನೋಡಿದೀನಿ. ಬೇಕಂತಲೇ ಹಾಕಿದೆ ಅಂದವರು ನೀವೇ ಮೊದಲು. ಜರುಗಿ."

ಪಟ್ಟಿ ಎಳೆದ ಚರ್ ಸದ್ದಾಯಿತು. ಅದೇ ಹೊತ್ತಿಗೆ ಹೊರಗೆ ವ್ಯಾನು ಕಿರ್ರೆಂದು ನಿಂತಿತು. ಬಾಗಿಲು ದಢಾರನೆ ತೆರೆಯಿತು. ದೊಡ್ಡತ್ತೆ! ಕಾಲಲ್ಲಿ ಮನೆಯ ಚಪ್ಪಲಿ, ಮೈಮೇಲೆ ಉಣ್ಣೆಯ ಕೋಟು, ಕೋಟಿನೊಳಗೆ ಸ್ವೆಟರು, ಸ್ವೆಟರಿನೊಳಗೆ ಇನ್ನೊಂದು ಸ್ವೆಟರು, ತಲೆಗೆ ಮಫ್ಲರು, ಕೊರಳಲ್ಲಿ ದುರ್ಬೀನು, ತೋಳಲ್ಲಿ ಬೆಂಕಿ ಆರಿಸುವ ಕೆಂಪು ಡಬ್ಬಿ.

"ಅಮ್ಮಾ! ಎಲ್ಲಿ ಬೆಂಕಿ? ಎಲ್ಲಿ ಬಿದ್ದಿದೆ ಬೆಂಕಿ?"

"ನೀನು ನೋಡ್ಲಿ ಅಂತ ಹೊಗೆ ಹಾಕಿದ್ದಕ್ಕಾ!" ಎಂದ ಅಪ್ಪ, ಅಳುವ ಧ್ವನಿಯಲ್ಲಿ.

"ಅದು ಹೊಗೇನಾ? ಜ್ವಾಲಾಮುಖಿ ಕಣೋ! ಊರಿಗೆ ಊರೇ ಕಾಣ್ತಿಲ್ಲ ನನ್ನ ದುರ್ಬೀನಲ್ಲಿ!" ದೊಡ್ಡತ್ತೆ ಆಗ ಇನ್‌ಸ್ಪೆಕ್ಟರನ್ನೂ ಕೆಂಪು ಪಟ್ಟಿಯನ್ನೂ ಕಂಡಳು. "ಇವರ್ಯಾರು?"

"ಒಲೆ ಮುಚ್ಚಿಸೋರು," ಎಂದರು ಇನ್‌ಸ್ಪೆಕ್ಟರು.

"ಬಹಳ ಒಳ್ಳೇದು. ಮುಚ್ಚಿಸಿ. ಅಮ್ಮಾ, ಏಳು. ಹಾಸಿಗೆ ವ್ಯಾನಲ್ಲಿ ಹಾಕಿದೀನಿ."

ಅಪ್ಪನ ಕೈಯಿಂದ ಕೊರಡು ಜಾರಿ ಅವನ ಕಾಲಿನ ಮೇಲೆಯೇ ಬಿತ್ತು. ನಾನು ಅಜ್ಜಿಯ ಕುರ್ಚಿಯ ಕೈ ಹಿಡಿದುಕೊಂಡೆ. ಅಜ್ಜಿಯನ್ನು ಒಯ್ಯುವುದಾದರೆ ಕುರ್ಚಿ, ನಾನು, ಎಲ್ಲ ಒಟ್ಟಿಗೇ ಏಳಬೇಕು, ಆ ರೀತಿ.

ಅಜ್ಜಿ ಏಳಲಿಲ್ಲ. "ಮೊದಲು ಆ ಬಾಗಿಲು ಹಾಕ್ರೋ," ಎಂದಳು. ದರ್ಜಿಯಮ್ಮ ಓಡಿ ಹಾಕಿದಳು. "ಏನಪ್ಪಾ ಸಾಹೇಬಾ, ಗಲ್ಲಿಗೆ ಹಾಕೋ ಮುಂಚೆ ಕಳ್ಳನ ಮಾತೂ ಕೇಳ್ತಾರಂತೆ. ನನ್ನ ಮಗ ಮಾತಾಡಿದ್ರೆ ಕೆಲಸ ಕೆಡುತ್ತೆ. ಒಲೆ ಮಾತಾಡ್ಲಿ. ಒಂದು ಕಥೆ ಹೇಳೋವಷ್ಟು ಹೊತ್ತು ಕೊಡು."

"ಕಥೆಯೇ?" ಎಂದರು ಇನ್‌ಸ್ಪೆಕ್ಟರು.

"ಸಣ್ಣದು," ಎಂದಳು ಅಜ್ಜಿ, ಅದು ಸುಳ್ಳು. "ಮಗಳೇ, ನೀನೂ ಕೂತ್ಕೋ. ನಿಂತವರಿಗೆ ನಾನು ಕಥೆ ಹೇಳಲ್ಲ, ಉತ್ತರಾನೂ ಕೊಡಲ್ಲ." ನನ್ನ ಕಡೆ ತಿರುಗಿ, "ಆ ಹೆಣದಂಥ ಕೊರಡು ಈಚೆಗೆಳೆದು ಬಕೆಟ್ಟಿಗೆ ಹಾಕು. ಟಣ್ ಅನ್ನೋದು ಇಡು. ಹಿಡಿಕೆ ತೆಗಿ."

ನಾನು ಇಕ್ಕಳ ಹಿಡಿದೆ. ಹೊಗೆಯಾಡುವ ಕೊರಡುಗಳನ್ನು ಒಂದೊಂದಾಗಿ ಬಕೆಟ್ಟಿಗೆ ಹಾಕಿ ಅಮ್ಮ ಹಿತ್ತಿಲಿಗೆ ಒಯ್ದಳು. ಒಣ ಸೌದೆ ಇಟ್ಟೆ, ಹಿಡಿಕೆ ಎಳೆದೆ. ಒಲೆ ಒಂದು ದೀರ್ಘ ಉಸಿರೆಳೆದುಕೊಂಡಿತು.

"ಗುಡ್ಡದ ಮೇಲೊಬ್ಬಳು ರಾಣಿ ಇದ್ಲು," ಎಂದು ಅಜ್ಜಿ ಶುರುಮಾಡಿದಳು. "ಅವಳಿಗೆ ಪ್ರಜೆಗಳ ಮೇಲೆ ಪ್ರಾಣ. ಆದ್ರೆ ಕೆಳಗೆ ಇಳಿಯಕ್ಕೆ ಪುರುಸೊತ್ತಿಲ್ಲ."

"ಅಮ್ಮಾ, ಇದು ನನ್ನ ಬಗ್ಗೆನಾ?"

"ನಿನ್ನ ತಲೇಲಿ ಕಿರೀಟ ಇದ್ಯಾ? ಮಫ್ಲರ್ ಇದೆ. ಸುಮ್ನೆ ಕೇಳು. ರಾಣಿ ಏನು ಮಾಡ್ತಿದ್ಲು, ದಿನಾ ಬೆಳಗ್ಗೆ ಉಪ್ಪರಿಗೆ ಹತ್ತಿ ಕೆಳಗಿನ ಹೊಗೆ ನೋಡೋಳು. ಹೊಗೆ ಇರೋ ಮನೆ ಸುಖವಾಗಿದೆ, ಇಲ್ದಿರೋ ಮನೇಲಿ ದುಃಖ..."

"ಹೊಗೆ ಇದ್ದ ಮಾತ್ರಕ್ಕೆ ಸುಖ ಅಂತ ಹೆಂಗೆ ಹೇಳಕ್ಕಾಗುತ್ತೆ?" ದೊಡ್ಡತ್ತೆಗೆ ತಡೆಯಲಾಗಲಿಲ್ಲ. "ದಡ್ಡಿ ರಾಣಿ."

"ನಾನೂ ಅದನ್ನೇ ಹೇಳಕ್ಕೆ ಹೊರಟಿದ್ದು," ಎಂದಳು ಅಜ್ಜಿ.

ಗಾಜಿನ ಮೇಲಿನ ಕಪ್ಪು ಅಂಚಿನಿಂದ ಕರಗತೊಡಗಿತು. ಅದರ ಹಿಂದೆ ಜ್ವಾಲೆ ತನ್ನ ಹಳೆಯ ಗಾಂಭೀರ್ಯಕ್ಕೆ ಮರಳಿತು. ಕಥೆಯಲ್ಲಿ ರಾಣಿಯ ಹೆದರಿಕೆಗೆ ಪ್ರಜೆಗಳು ಊಟ ಬಿಟ್ಟು ಬರೀ ಹೊಗೆ ಹಾಕುತ್ತಿದ್ದ ಭಾಗ ಬಂತು. ದೊಡ್ಡತ್ತೆ ಮಫ್ಲರು ಬಿಚ್ಚಿದಳು. ಮಂತ್ರಿ ಕೆಮ್ಮಿ ಕೆಮ್ಮಿ ಸತ್ತ, ಕೋಟು ಕಳಚಿತು. ಹೊಗೆಯಲ್ಲಿ ದಾರಿ ಕಾಣದೆ ರಾಣಿಯ ಕುದುರೆ ಬೇರೆ ರಾಜ್ಯಕ್ಕೆ ಹೋಯಿತು. ಒಂದು ಸ್ವೆಟರು ಹೋಯಿತು. ಇನ್‌ಸ್ಪೆಕ್ಟರೂ ಕತ್ತಿನ ಗುಂಡಿ ಬಿಚ್ಚಿ, ಕೆಂಪು ಪಟ್ಟಿಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ದರ್ಜಿಯಮ್ಮ ಕಣ್ಣಗಲಿಸಿ ಅಪ್ಪನ ಬನಿಯನ್ನನ್ನೂ ಒಲೆಯನ್ನೂ ನೋಡುತ್ತಿದ್ದಳು. ಅವಳ ತಲೆಯೊಳಗೆ ಏನೋ ಹೊಲಿಗೆ ಬಿಚ್ಚುತ್ತಿತ್ತು.

ಅಜ್ಜಿ ತಟ್ಟನೆ ಕಥೆ ನಿಲ್ಲಿಸಿದಳು. "ಈಗ ಹೊರಗೆ ಹೋಗಿ ನೋಡ್ಕೊಂಡು ಬನ್ನಿ."

ಎಲ್ಲರೂ ಅಂಗಳಕ್ಕೆ ನುಗ್ಗಿದರು. ಮಾಡಿನ ಮೇಲೆ ನೀಲಿ ಆಕಾಶ; ಹೊಗೆಗೂಡಿನ ಬಾಯಲ್ಲಿ ಗಾಳಿ ಮಾತ್ರ ಸಣ್ಣಗೆ ನಡುಗುತ್ತಿತ್ತು. ದೊಡ್ಡತ್ತೆ ದುರ್ಬೀನು ಏರಿಸಿದಳು. ಅಷ್ಟು ಹತ್ತಿರದಿಂದ ಅದರಲ್ಲಿ ಇಟ್ಟಿಗೆ ಬಿಟ್ಟು ಇನ್ನೇನೂ ಕಾಣುವಂತಿರಲಿಲ್ಲ, ಆದರೂ ನೋಡಿದಳು. "ಬೆಂಕಿ ಆರಿಹೋಗಿದೆ!" ಎಂದು ಒಳಗೆ ಓಡಿದಳು. ಬೆಂಕಿ ಧಗಧಗ ಉರಿಯುತ್ತಿತ್ತು. ಹೊರಗೆ ಓಡಿದಳು; ಹೊಗೆಯಿಲ್ಲ. ಒಳಗೆ ಓಡಿದಳು, ಬೆಂಕಿ. ಕಣ್ಣುಮುಚ್ಚಾಲೆಯಲ್ಲಿ ಕಳ್ಳನನ್ನು ಹಿಡಿಯುವವಳಂತೆ ಸುಮ್ಮನೆ ನಿಂತು, ಗಕ್ಕನೆ ತಿರುಗಿ, ಮತ್ತೆ ಓಡಿದಳು.

"ಬಾಗಿಲು ಹಾಕಕ್ಕಾ!" ಅಪ್ಪ ಪ್ರತಿ ಸಲವೂ ಕೂಗಿದ. "ಬಿಸಿ ಹೋಗುತ್ತೆ!"

"ಮಧ್ಯದಲ್ಲಿ ಹೊಗೆ ಎಲ್ಲಿಗೆ ಹೋಗುತ್ತೋ?" ದೊಡ್ಡತ್ತೆ ಏದುಸಿರು ಬಿಡುತ್ತ ಕುರ್ಚಿಗೆ ಕುಸಿದಳು. ಎರಡನೆಯ ಸ್ವೆಟರನ್ನೂ ತೆಗೆದಳು. ಹಣೆಯಲ್ಲಿ ಬೆವರು ಮುತ್ತಿನಂತೆ ಮೂಡಿತ್ತು. ಅಪ್ಪ ಆ ಮುತ್ತುಗಳನ್ನು ಭಕ್ತಿಯಿಂದ ನೋಡುತ್ತ, 'ಗೆದ್ದೆ' ಎಂಬ ಮಾತಿಗಾಗಿ ಕಾದ.

"ಸೆಕೆ," ಎಂದಳು ದೊಡ್ಡತ್ತೆ. "ಇಷ್ಟು ಸೆಕೇಲಿ ಅಮ್ಮನ್ನ ಕೂರಿಸಿದೀಯಲ್ಲ, ತಲೆ ಸುತ್ತು ಬಂದ್ರೆ?"

ಇನ್‌ಸ್ಪೆಕ್ಟರು ಪೆಟ್ಟಿಗೆಯಿಂದ ಯಂತ್ರ ತೆಗೆದು ಏನೇನೋ ಅಳೆದರು, ತಲೆಯಾಡಿಸಿದರು, ಕೊನೆಗೆ ಹಸಿರು ಚೀಟಿ ಅಂಟಿಸಿದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ಅಜ್ಜೀ, ಆ ಕುದುರೆ ವಾಪಸ್ ಬಂತಾ?"

"ನಾಳೆ ಬಾ, ಹೇಳ್ತೀನಿ," ಎಂದಳು ಅಜ್ಜಿ.

ಅಷ್ಟರಲ್ಲಿ ದೊಡ್ಡತ್ತೆ ಕುರ್ಚಿಯಲ್ಲಿ ತಲೆ ಒರಗಿಸಿ, ಬಾಯಿ ಸ್ವಲ್ಪವೇ ತೆರೆದು, ಗಾಢ ನಿದ್ದೆಯಲ್ಲಿದ್ದಳು. ಅಜ್ಜಿ ಅವಳ ಕೊರಳಿನಿಂದ ದುರ್ಬೀನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟು, "ಚಿಕ್ಕವಳಿದ್ದಾಗ್ಲೂ ಹೀಗೇ. ಪ್ರಶ್ನೆ ಕೇಳ್ತಾ ಕೇಳ್ತಾ ನಿದ್ದೆ," ಎಂದಳು. ಪೆಟ್ಟಿಗೆ ಕಟ್ಟುವ ಮಾತು ಆ ದಿನ ಯಾರೂ ಎತ್ತಲಿಲ್ಲ. ವ್ಯಾನಿನ ಹಾಸಿಗೆಯನ್ನು ಒಳಗೆ ತಂದದ್ದಂತೂ ನಿಜ, ದೊಡ್ಡತ್ತೆಗೆ ಹಾಸಲು.

ಹೊರಡುವಾಗ ಅವಳದು ಒಂದೇ ತಕರಾರು. "ಸರಿ, ಬೆಚ್ಚಗಿದೆ. ಒಪ್ಪಿದೆ. ಆದ್ರೆ ಗುಡ್ಡದ ಮೇಲಿಂದ ನನಗೆ ಗೊತ್ತಾಗೋದು ಹೆಂಗೆ? ಬೆಳಗ್ಗೆ ಎದ್ದು ನಾನೇನು ನೋಡ್ಲಿ?"

ದಾರಿ ತೋರಿಸಿದ್ದು ದರ್ಜಿಯಮ್ಮ. ಬನಿಯನ್ನಿನ ಸುದ್ದಿ ಹಬ್ಬಿಸಿದ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಬೂದುಬಣ್ಣದ ತೆಳು ಬಟ್ಟೆಯಲ್ಲಿ ಒಂದು ಉದ್ದನೆಯ ಹೊಗೆ ಹೊಲಿದುಕೊಟ್ಟಳು. ಬುಡದಲ್ಲಿ ಸಪೂರ, ಮೇಲೆ ಮೇಲೆ ಅಗಲ, ಅಂಚಿಗೆಲ್ಲ ನೆರಿಗೆ. ಹಿತ್ತಿಲಲ್ಲಿ ಹೊಗೆಗೂಡಿನ ಎತ್ತರಕ್ಕೊಂದು ಕಂಬ ನೆಟ್ಟು ಹಗ್ಗ ಹಾಕಿದೆವು. ಬೆಳಗ್ಗೆ ಅಜ್ಜಿ ಹಗ್ಗ ಎಳೆದರೆ ಹೊಗೆ ಏರುತ್ತದೆ, ಗಾಳಿಗೆ ತೇಲುತ್ತದೆ. ಗುಡ್ಡದ ಮೇಲೆ ಕಾಫಿ ಗಂಟಲಿಗಿಳಿಯುತ್ತದೆ. ಮೊದಲ ವಾರ ಇನ್‌ಸ್ಪೆಕ್ಟರು ದೂರದಿಂದ ಅದನ್ನು ಕಂಡು ಸೈಕಲ್ಲು ತುಳಿದುಕೊಂಡು ಏದುತ್ತಾ ಬಂದರು. ಬಟ್ಟೆಯನ್ನು ಮುಟ್ಟಿ, ಮೂಸಿ, "ಹತ್ತಿ," ಎಂದು, ಹೇಗೂ ಬಂದಿದ್ದೀನಲ್ಲ ಎಂದು ಕುದುರೆಯ ಕಥೆ ಕೇಳಲು ಕೂತರು.

ಇಲ್ಲಿಗೆ ಎಲ್ಲ ಸುಖವಾಯಿತು ಎನ್ನುವಂತಿರಲಿಲ್ಲ. ಆಗಾಗ ಆ ಹೊಗೆ ಕಾಣೆಯಾಗತೊಡಗಿತು. ಒಂದು ದಿನ ಒಗೆಯಲು ಹಾಕಿದೆ ಎಂದಳು ಅಜ್ಜಿ. ಇನ್ನೊಂದು ದಿನ ಗಾಳಿಗೆ ಹಾರಿಹೋಗಿರಬೇಕು ಎಂದಳು. ಹೊಗೆ ಕಾಣೆಯಾದ ದಿನವೆಲ್ಲ, ಕಾಫಿ ಆರುವ ಮೊದಲೇ ವ್ಯಾನು ಕಿರ್ರೆಂದು ನಿಲ್ಲುತ್ತಿತ್ತು, ಮನೆಯ ಚಪ್ಪಲಿಯಲ್ಲಿ ದೊಡ್ಡತ್ತೆ "ಅಮ್ಮಂಗೇನಾಯ್ತು?" ಎಂದು ನುಗ್ಗುತ್ತಿದ್ದಳು, ಅಪ್ಪನನ್ನು ಬೈಯುತ್ತಿದ್ದಳು, ಸ್ವೆಟರು ತೆಗೆಯುತ್ತಿದ್ದಳು, ಕುರ್ಚಿಯಲ್ಲಿ ಕೂರುತ್ತಿದ್ದಳು. ಸಂಜೆಯವರೆಗೂ ಏಳುತ್ತಿರಲಿಲ್ಲ.

ನಿನ್ನೆಯೂ ಹಾಗೆಯೇ ಆಯಿತು. ದೊಡ್ಡತ್ತೆ ಬಂದು ಗಿಣಿಯ ಆಹಾರದ ವಿಷಯವಾಗಿ ಜಗಳ ಶುರುಮಾಡಿದಳು. ಅಜ್ಜಿಯ ಬೆನ್ನಿನ ದಿಂಬು ಜಾರಿತೆಂದು ನಾನು ಸರಿಪಡಿಸಲು ಹೋದರೆ, ಅದರ ಹಿಂದೆ ನಾಲ್ಕು ಮಡಿಕೆಯಾಗಿ, ನೆರಿಗೆಯೊಂದೂ ಮುದುಡದಂತೆ, ಬೂದುಬಣ್ಣದ ಹೊಗೆ ಬೆಚ್ಚಗೆ ಮಲಗಿತ್ತು.

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಒಲೆಯನ್ನು ನೋಡುತ್ತಿದ್ದಳು.

"ಏನೇ ಹಂಗೆ ನಿಂತೆ," ಎಂದಳು, ದಿಂಬನ್ನು ಬೆನ್ನಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು. "ಹೋಗು, ಬಾಗಿಲು ಸರಿಯಾಗಿ ಹಾಕು. ಬಿಸಿ ಹೋಗುತ್ತೆ."